ಏಳು ಸಿಪಾಯಿಗಳ ಫೋಟೊ: ಬರ್ಮಾ ಅಲ್ಲ, ಇಟಲಿ

ಫೋಟೊ ಸಣ್ಣದು. 3.5 ಇಂಚು ಎತ್ತರ, 5.5 ಇಂಚು ಅಗಲ. ಅದರಲ್ಲಿ ಏಳು ಜನ ಸಿಪಾಯಿಗಳು. ನಾಲ್ವರು ನಿಂತಿದ್ದಾರೆ, ಮೂವರು ಮುಂದೆ ಕೂತಿದ್ದಾರೆ. ಕೂತವರ ಕಾಲ ಹತ್ತಿರ ಒಂದು ಮೆಷಿನ್‌ಗನ್. ಹಿಂದೆ ಕಲ್ಲಿನ ಗೋಡೆ. ಬೈಲಹೊಂಗಲ ಕಡೆಯ ನಮ್ಮ ಹಳ್ಳಿ ಮನೆಯ ಪಡಸಾಲೆಯಲ್ಲಿ ಇದು ನಾನು ಹುಟ್ಟುವ ಮೊದಲಿನಿಂದ ತೂಗುತ್ತಿತ್ತು. ಏಳರಲ್ಲಿ ಒಬ್ಬರು ನಮ್ಮ ಮುತ್ಯಾನ, ಅಂದರೆ ಅಜ್ಜನ, ಅಣ್ಣ. ಮಿಲಿಟರಿಗೆ ಭರ್ತಿಯಾಗಿ ಹೋದವರು ತಿರುಗಿ ಬರಲಿಲ್ಲ. ಬಂದದ್ದು ಈ ಫೋಟೊ.

ಯಾವ ಪಲ್ಟನ್? ಯಾವ ದೇಶ? ಏಳರಲ್ಲಿ ಅವರು ಯಾರು? ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. “ಬರ್ಮಾ ಲಡಾಯಿದಾಗ ಹೋದಾಂವ” ಅಂತ ಕಾಕಾ. “ಕ್ಯಾಪ್ಟನ್ ಇದ್ದ, ತೋಳಮ್ಯಾಲ ಪಟ್ಟಿ ನೋಡು” ಅಂತ ದೊಡ್ಡಪ್ಪ. ಕಾಗದಪತ್ರ ಒಂದೂ ಉಳಿದಿಲ್ಲ. ಮಳೆಗಾಲದಲ್ಲಿ ಗಾಜಿನ ಒಳಗೆ ಬೂಸ್ಟು ಹಿಡಿಯುವುದು ಕಂಡಿತು. ಇನ್ನು ಬಿಟ್ಟರೆ ಮುಖಗಳೇ ಹೋಗುತ್ತವೆ ಅನ್ನಿಸಿ ಅದನ್ನು ಬೆಳಗಾವಿಗೆ ತಂದೆ. ಇಂಥ ಫೋಟೊ ಇರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಅದಕ್ಕೇ ಏನು ಮಾಡಿದೆ, ಯಾಕೆ ಮಾಡಿದೆ ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಫ್ರೇಮ್ ಬಿಚ್ಚುವುದು

ಮೊದಲು ಫ್ರೇಮ್ ಇದ್ದ ಹಾಗೆಯೇ ಮುಂದೆ ಹಿಂದೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಬಿಚ್ಚುವಾಗ ಏನು ಎಲ್ಲಿತ್ತು ಅನ್ನುವುದು ಆಮೇಲೆ ಬೇಕಾಗುತ್ತದೆ. ಹಿಂದೆ ಕಂದು ಕಾಗದ, ಅದರ ಕೆಳಗೆ ರಟ್ಟು, ರಟ್ಟನ್ನು ಹಿಡಿದ ತುಕ್ಕು ಮೊಳೆಗಳು. ಮೊಳೆಯನ್ನು ಎತ್ತಿ ಕೀಳಬಾರದು, ರಟ್ಟಿನ ಜೊತೆ ಫೋಟೊ ಬಾಗುತ್ತದೆ. ಸಣ್ಣ ಇಕ್ಕಳದಿಂದ ಅಡ್ಡಡ್ಡ ತಿರುಗಿಸಿ ಒಂದೊಂದಾಗಿ ಎಳೆದೆ.

ಫೋಟೊದ ಬಲ ಮೂಲೆ ಗಾಜಿಗೆ ಅಂಟಿತ್ತು. ಫೋಟೊ ನೇರವಾಗಿ ಗಾಜಿಗೆ ತಾಗಿ ಕೂತರೆ ನಮ್ಮ ಮಳೆಗಾಲದ ಥಂಡಿಗೆ ಹೀಗಾಗುತ್ತದೆ. ಹಳೇ ಫೋಟೊದ ಮೇಲ್ಪದರ ಜೆಲಟಿನ್. ತೇವ ಕುಡಿದರೆ ಅದು ಅಂಟಾಗುತ್ತದೆ, ಒಣಗಿದ ಮೇಲೆ ಗಾಜನ್ನು ಬಿಡುವುದಿಲ್ಲ. ಎಳೆದರೆ ಚಿತ್ರವೇ ಗಾಜಿನ ಮೇಲೆ ಉಳಿಯುತ್ತದೆ. ನಾನು ಎಳೆಯಲಿಲ್ಲ. ಹಿಂಬದಿ ನೋಡಲು ಗಾಜಿನಿಂದ ಬಿಡಿಸುವ ಅಗತ್ಯವೇ ಇಲ್ಲ, ರಟ್ಟು ತೆಗೆದರೆ ಸಾಕು ಅಲ್ವಾ?

ಸ್ಕ್ಯಾನ್ ಮಾತ್ರ ಗಾಜಿನ ಸಮೇತ ಆಗಬೇಕಿತ್ತು. ಇಲ್ಲೊಂದು ವಿಷಯ ಗೊತ್ತಿರಲಿ. ಮನೆಯ ಪ್ರಿಂಟರ್ ಜೊತೆ ಬರುವ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಸಿಐಎಸ್ ಜಾತಿಯವು. ಗಾಜಿಗೆ ಒತ್ತಿ ಕೂತ ಕಾಗದ ಮಾತ್ರ ಅವುಗಳಲ್ಲಿ ಚೊಕ್ಕ ಬರುತ್ತದೆ. ನಡುವೆ ಇನ್ನೊಂದು ಗಾಜು ಬಂದರೆ ಎಲ್ಲಾ ಮಸುಕು. ಸಿಸಿಡಿ ಸ್ಕ್ಯಾನರಿಗೆ ಸ್ವಲ್ಪ ಆಳ ಕಾಣುತ್ತದೆ. ಪರಿಚಯದ ಸ್ಟುಡಿಯೊ ಒಂದರಲ್ಲಿ ಅಂಥದ್ದು ಸಿಕ್ಕಿತು. 1200 ಡಿಪಿಐನಲ್ಲಿ, ಟಿಫ್ ಫೈಲಾಗಿ ತೆಗೆಸಿದೆ. ಈ ಅಳತೆಯ ಫೋಟೊಕ್ಕೆ ಅದು ಸುಮಾರು 6600 × 4200 ಪಿಕ್ಸೆಲ್ ಆಗುತ್ತದೆ. ಕಪ್ಪು ಬಿಳುಪು ಆದರೂ ಬಣ್ಣದ ಸ್ಕ್ಯಾನೇ ಮಾಡಿಸಿ. ಕಲೆ ಯಾವುದು, ಚಿತ್ರ ಯಾವುದು ಅಂತ ಬಣ್ಣದಲ್ಲೇ ಬೇರೆಬೇರೆಯಾಗಿ ಕಾಣುವುದು.

ಮುಖ “ಕ್ಲೀನ್” ಮಾಡಿ ಬಣ್ಣ ತುಂಬಿ ಕೊಡುವ ಆ್ಯಪ್‌ಗಳನ್ನು ನಾನು ದೂರ ಇಟ್ಟೆ. ಕಾಣದ ಜಾಗದಲ್ಲಿ ಅವು ತಾವೇ ಏನೋ ಒಂದು ತುಂಬುತ್ತವೆ. ಮಸುಕಾದ ಬ್ಯಾಡ್ಜಿನ ಜಾಗದಲ್ಲಿ ಹೊಸ ಬ್ಯಾಡ್ಜು, ಮಸುಕಾದ ಮೂಗಿನ ಜಾಗದಲ್ಲಿ ಬೇರೆ ಯಾರದೋ ಮೂಗು. ಗುರುತು ಹಿಡಿಯುವ ಕೆಲಸಕ್ಕೆ ಅದು ವಿಷ.

ಹಿಂಬದಿ

ರಟ್ಟು ತೆಗೆದಾಗ ಕಂಡದ್ದು ಪೋಸ್ಟ್‌ಕಾರ್ಡಿನ ಹಿಂಬದಿ. ನಡುವೆ ಗೆರೆ, ಒಂದು ಕಡೆ ವಿಳಾಸಕ್ಕೆ ಜಾಗ. ಆ ಕಾಲದಲ್ಲಿ ಫೋಟೊ ಕಾಗದವನ್ನೇ ಪೋಸ್ಟ್‌ಕಾರ್ಡಿನ ಅಳತೆಗೆ ಮಾಡಿ ಮಾರುತ್ತಿದ್ದರು. ಗೆರೆಯ ಪಕ್ಕ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಫೆರಾನಿಯಾ. ಇದು ಇಟಲಿಯ ಕಂಪನಿ. ಲಿಗುರಿಯಾ ಪ್ರದೇಶದಲ್ಲಿ ಅದೇ ಹೆಸರಿನ ಊರಿನಲ್ಲಿ ಅದರ ಕಾರ್ಖಾನೆ. ಫಿಲ್ಮು, ಫೋಟೊ ಕಾಗದ ಎರಡನ್ನೂ ಮಾಡುತ್ತಿತ್ತು.

ಬರ್ಮಾ ಅನ್ನುವ ಮಾತಿನ ಮೇಲೆ ಮೊದಲ ಅನುಮಾನ ಹುಟ್ಟಿದ್ದು ಇಲ್ಲಿ. ಆದರೆ ಕಾಗದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಹುದು. ಕಾಗದ ಒಂದೇ ಸಾಕ್ಷಿ ಆಗುವುದಿಲ್ಲ.

ಪೆನ್ಸಿಲ್ ಬರಹದ ಗುರುತು ಇತ್ತು, ಓದಲು ಬರುತ್ತಿರಲಿಲ್ಲ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಕಾಗದದ ಮಟ್ಟಕ್ಕೆ ಮಲಗಿಸಿ ಪಕ್ಕದಿಂದ ಬೆಳಕು ಬಿಟ್ಟೆ. ಪೆನ್ಸಿಲ್ ಅಳಿಸಿಹೋದರೂ ಒತ್ತಿದ ಗೆರೆ ಕಾಗದದಲ್ಲಿ ಉಳಿದಿರುತ್ತದೆ. ಅಡ್ಡ ಬೆಳಕಿನಲ್ಲಿ ಆ ಗೆರೆಗೆ ನೆರಳು ಬೀಳುತ್ತದೆ. ಟಾರ್ಚನ್ನು ನಾಲ್ಕೂ ದಿಕ್ಕಿನಿಂದ ಹಿಡಿದು ತೆಗೆದ ಫೋಟೊಗಳನ್ನು ಪಕ್ಕಪಕ್ಕ ಇಟ್ಟಾಗ ಕೊನೆಯ ಎರಡು ಅಂಕಿ ಸ್ಪಷ್ಟ ಕಂಡವು: 44. ಅಂದರೆ 1944.

ಊರಿನ ಹೆಸರಿಲ್ಲ, ಪಲ್ಟನ್ ಹೆಸರಿಲ್ಲ, ಅಂಚೆ ಮುದ್ರೆ ಇಲ್ಲ. ಇದರಿಂದಲೂ ಒಂದು ತಿಳಿವಳಿಕೆ ಸಿಗುತ್ತದೆ. ಯುದ್ಧದ ಹೊತ್ತಿನಲ್ಲಿ ಸಿಪಾಯಿಗಳ ಪತ್ರವನ್ನು ಸೆನ್ಸಾರ್ ಓದುತ್ತಿತ್ತು. ಎಲ್ಲಿದ್ದೇವೆ, ಯಾವ ಪಲ್ಟನ್ ಜೊತೆ ಇದ್ದೇವೆ ಅಂತ ಬರೆಯುವ ಹಾಗಿರಲಿಲ್ಲ. ಮುದ್ರೆ ಇಲ್ಲ ಅಂದರೆ ಕಾರ್ಡು ಲಕೋಟೆಯೊಳಗೆ ಬಂದಿರಬೇಕು. ಮನೆಯವರಿಗೆ ದೇಶದ ಹೆಸರೇ ಗೊತ್ತಾಗದೆ ಉಳಿದದ್ದು ಹೀಗೆ. ಆಮೇಲೆ ಎಲ್ಲರ ಬಾಯಲ್ಲೂ ಇದ್ದ ಯುದ್ಧ ಬರ್ಮಾದ್ದು, ಅದೇ ಹೆಸರು ಈ ಫೋಟೊಕ್ಕೂ ಕೂತುಬಿಟ್ಟಿತು.

ಬಟ್ಟೆ, ಬಂದೂಕು, ತೋಳಿನ ಗುರುತು

ಮುಖ ನೋಡುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ನಾನು ಮುಖಗಳನ್ನು ಕೊನೆಗೆ ಇಟ್ಟೆ. ಬಟ್ಟೆಯಿಂದ ಶುರು ಮಾಡಿದೆ.

ಏಳೂ ಜನ ಹಾಕಿದ್ದು ದಪ್ಪ ಉಣ್ಣೆಯ ಬಟ್ಟೆ. ಸೊಂಟಕ್ಕೆ ನಿಲ್ಲುವ ಮೋಟು ಜಾಕೆಟ್, ಅದೇ ಬಟ್ಟೆಯ ಪ್ಯಾಂಟು. ಇದು ಬ್ಯಾಟಲ್‌ಡ್ರೆಸ್. ಬರ್ಮಾದ ಕಾಡಿನಲ್ಲಿ ಸಿಪಾಯಿಗಳಿಗೆ ಕೊಟ್ಟದ್ದು ತೆಳು ಹತ್ತಿಯ ಹಸಿರು ಬಟ್ಟೆ. ಉಣ್ಣೆ ಹಾಕಿದ್ದಾರೆ ಅಂದರೆ ಚಳಿ ದೇಶ. ಒಬ್ಬರ ತಲೆಯ ಮೇಲೆ ಹೆಣೆದ ಉಣ್ಣೆ ಟೋಪಿಯೂ ಇದೆ. 1944, ಚಳಿ, ಇಟಲಿಯ ಕಾಗದ. ಮೂರೂ ಬೇರೆಬೇರೆ ದಾರಿಯಿಂದ ಬಂದು ಒಂದೇ ಕಡೆ ಕೈ ತೋರಿಸುತ್ತಿದ್ದವು.

ಮುಂದೆ ಹೋಗುವ ಮೊದಲು ಇನ್ನೊಂದು ಪರೀಕ್ಷೆ ಆಗಲೇಬೇಕು. ಫಿಲ್ಮನ್ನು ಉಲ್ಟಾ ಇಟ್ಟು ಪ್ರಿಂಟ್ ತೆಗೆದಿದ್ದರೆ ಎಡ ಬಲ ಅದಲುಬದಲಾಗಿರುತ್ತದೆ. ಬ್ಯಾಟಲ್‌ಡ್ರೆಸ್ ಪ್ಯಾಂಟಿಗೆ ಎಡ ತೊಡೆಯ ಮೇಲೆ ದೊಡ್ಡ ಜೇಬು ಇರುತ್ತದೆ. ಫೋಟೊದಲ್ಲೂ ಅದು ಎಡ ತೊಡೆಯಲ್ಲೇ ಇತ್ತು. ನಿಂತವರಲ್ಲಿ ಒಬ್ಬರ ಕೈಲಿರುವ ರೈಫಲ್ಲಿನ ಬೋಲ್ಟ್ ಹಿಡಿಕೆಯೂ ಬಲಕ್ಕೇ ಇದೆ. ಹಾಗಾಗಿ ಪ್ರಿಂಟ್ ಸರಿ. ಈ ಪರೀಕ್ಷೆ ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ನೆಲದ ಮೇಲಿನ ಮೆಷಿನ್‌ಗನ್ ಬ್ರೆನ್. ಮೇಲೆ ಬಾಗಿದ ಮ್ಯಾಗಜಿನ್, ಮುಂದೆ ಎರಡು ಕಾಲು. ನಿಮ್ಮ ಫೋಟೊದಲ್ಲಿ ಕೊಳವೆ ದಪ್ಪಗಿದ್ದು, ಮೇಲೆ ತಟ್ಟೆಯಂಥ ದುಂಡು ಮ್ಯಾಗಜಿನ್ ಇದ್ದರೆ ಅದು ಲೂಯಿಸ್ ಗನ್. ಆಗ ಮೊದಲ ಮಹಾಯುದ್ಧದ ಕೊನೆ ಭಾಗ, ಇಲ್ಲವೇ ಅದರ ನಂತರದ ವರ್ಷಗಳ ಕಡೆ ಹುಡುಕಬೇಕು. ನಮ್ಮ ಫೋಟೊದಲ್ಲಿ ನಡುವೆ ನಿಂತವರ ಕೈಯಲ್ಲಿ ಟಾಮಿ ಗನ್ ಇದೆ, ತೋಳಿನ ಮೇಲೆ ಎರಡು ಪಟ್ಟಿ. ತೋಳಿನ ಮೇಲ್ಭಾಗದಲ್ಲಿ ಮೊನೆ ಕೆಳಗೆ ಮಾಡಿದ ಪಟ್ಟಿ ಒಂದಿದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಕ್ಯಾಪ್ಟನ್ ಆಗಿದ್ದರೆ ಗುರುತು ಭುಜದ ಮೇಲಿರುತ್ತಿತ್ತು, ಮೂರು ನಕ್ಷತ್ರ. ಜಮಾದಾರ್, ಸುಬೇದಾರ್ ಅವರದೂ ಭುಜದ ಮೇಲೆಯೇ. ಹಾಗಾಗಿ ಇದು ಒಬ್ಬ ನಾಯಕ್ ಮತ್ತು ಅವರ ಸೆಕ್ಷನ್, ಅಂದರೆ ಪಲ್ಟನ್ನಿನ ಒಂದು ಸಣ್ಣ ತುಕಡಿ. ಒಂದು ಸೆಕ್ಷನ್ನಿಗೆ ಒಂದು ಬ್ರೆನ್ ಅನ್ನುವ ಲೆಕ್ಕಕ್ಕೂ ಕೂಡಿ ಬರುತ್ತದೆ.

ತೋಳಿನ ಮೇಲಿನ ಚೌಕದ ಬಟ್ಟೆ ಗುರುತಿಗೆ ಜಾಸ್ತಿ ಹೊತ್ತು ಹಿಡಿಯಿತು. ಗಾಢ ನೆಲ, ಅದರ ಮೇಲೆ ತಿಳಿ ಬಣ್ಣದ ಮೂರು ಚುಕ್ಕೆ. ಕಪ್ಪು ಬಿಳುಪು ಫೋಟೊದಲ್ಲಿ ಗಾಢ ಅಂದರೆ ಕಪ್ಪು ಅಂತಲೇ ಅಲ್ಲ. ಹಳೇ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ, ಕೆಂಪು ಬಟ್ಟೆ ಕಪ್ಪಾಗಿ ಬೀಳುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ. ಪದಕದ ರಿಬ್ಬನ್ ನೋಡುವಾಗಲೂ ಇದು ನೆನಪಿರಬೇಕು.

ಇಂಥ ಗುರುತು ಡಿವಿಜನ್ನಿನದು, ಅಂದರೆ ಹಲವು ಪಲ್ಟನ್‌ಗಳು ಸೇರಿದ ದೊಡ್ಡ ಪಡೆಯದು. ಇಟಲಿಯಲ್ಲಿ ಕಾದಿದ ಭಾರತದ ಡಿವಿಜನ್‌ಗಳು ಮೂರು: 4, 8 ಮತ್ತು 10. ನಾಲ್ಕನೆಯದರ ಗುರುತು ಕಪ್ಪು ನೆಲದ ಮೇಲೆ ಕೆಂಪು ಹದ್ದು. ಎಂಟನೆಯದರದು ಕೆಂಪು ನೆಲದ ಮೇಲೆ ಮೂರು ಹಳದಿ ಕ್ಲೋವರ್ ಎಲೆ. ನಮ್ಮ ಮೂರು ಚುಕ್ಕೆ ಅದೇ. 8ನೇ ಇಂಡಿಯನ್ ಡಿವಿಜನ್ 1943ರ ಸೆಪ್ಟೆಂಬರಿನಲ್ಲಿ ಟರಾಂಟೊ ಬಂದರಿನಲ್ಲಿ ಇಳಿದು ಸಾಂಗ್ರೊ ನದಿ, ಕ್ಯಾಸಿನೊ ಹತ್ತಿರದ ಗಾರಿ ನದಿ, ಜರ್ಮನರ ರಕ್ಷಣಾ ಸಾಲಾದ ಗಾಥಿಕ್ ಲೈನ್ ದಾಟಿ 1945ರ ಏಪ್ರಿಲಿನಲ್ಲಿ ಸೆನಿಯೊ ನದಿಗೆ ಬಂದ ಪಡೆ. ಆ ಡಿವಿಜನ್ನಿನಲ್ಲಿ ಬೆಳಗಾವಿಗೆ ಹತ್ತಿರದ ಹೆಸರೊಂದಿದೆ: 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೇ ಬೆಟಾಲಿಯನ್.

ಹೆಸರು ಹುಡುಕುವುದು

ನಮ್ಮ ಕಡೆ “ಮರಾಠಾ ಸೆಂಟರ್”, ಅಂದರೆ ಬೆಳಗಾವಿಯಲ್ಲಿರುವ ಈ ರೆಜಿಮೆಂಟಿನ ಕೇಂದ್ರ, ಗೊತ್ತಿಲ್ಲದವರಿಲ್ಲ. ಆದರೆ ಹಳೇ ದಾಖಲೆ ಹುಡುಕುವವರಿಗೆ ಅಂಕಿಗಳ ಗೋಜು ಇದೆ. 1922ರಲ್ಲಿ ಹಳೇ ಮರಾಠಾ ಪಲ್ಟನ್‌ಗಳನ್ನು ಸೇರಿಸಿ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಮಾಡಿದರು. ಆಗ 103ನೇ ಪಲ್ಟನ್ 1ನೇ ಬೆಟಾಲಿಯನ್ ಆಯಿತು, 105 ಎರಡನೆಯದು, 110 ಮೂರನೆಯದು, 116 ನಾಲ್ಕನೆಯದು, 117 ಐದನೆಯದು. 114ನೆಯದು ತರಬೇತಿ ಕೊಡುವ 10ನೇ ಬೆಟಾಲಿಯನ್. ದಾಖಲೆಯಲ್ಲಿ 1/5 ಅಂತ ಕಂಡರೆ ಐದನೇ ರೆಜಿಮೆಂಟಿನ ಒಂದನೇ ಬೆಟಾಲಿಯನ್ ಅಂತ ಓದಿಕೊಳ್ಳಿ. 1945ರಲ್ಲಿ ಆ 5 ಅನ್ನುವ ಅಂಕಿಯನ್ನೇ ಕೈಬಿಟ್ಟರು. ನಿಮ್ಮ ಮನೆಯ ಕಾಗದದಲ್ಲಿ 110 ಅಥವಾ 117 ಅಂತ ಇದ್ದರೆ ಅದು 1922ಕ್ಕಿಂತ ಹಿಂದಿನ ಮಾತು, ಬಹುಶಃ ಮೊದಲ ಮಹಾಯುದ್ಧದ ಮೆಸೊಪೊಟೇಮಿಯಾದ್ದು, ಅಂದರೆ ಈಗಿನ ಇರಾಕಿನ ಕಡೆಯದು.

ಯುದ್ಧದಲ್ಲಿ ತೀರಿಕೊಂಡವರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಸಿಗುತ್ತದೆ. ನೋಡಲು ದುಡ್ಡು ಕೊಡಬೇಕಿಲ್ಲ. ಎರಡನೇ ಮಹಾಯುದ್ಧಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗಿನ ಸಾವುಗಳು ಅದರಲ್ಲಿವೆ. ಬದುಕಿ ಬಂದವರು ಇರುವುದಿಲ್ಲ. ಹಲವು ಕಡೆ ತಂದೆಯ ಹೆಸರು, ಊರು, ಜಿಲ್ಲೆಯನ್ನೂ ಬರೆದಿದ್ದಾರೆ. ಹುಡುಕಾಟದ ಜೀವ ಅಲ್ಲೇ ಇದೆ.

ಬೈಲಹೊಂಗಲ ಅಂತ ಹಾಕಿದರೆ ನಮ್ಮ ಕುಟುಂಬದ ಹೆಸರು ಬರಲಿಲ್ಲ. ಆಗಿನ ತಾಲೂಕಿನ ಹೆಸರು ಸಂಪಗಾವ. ಸವದತ್ತಿಗೆ ಪರಸಗಡ. ಬಾಗಲಕೋಟೆ 1997ರವರೆಗೆ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಜಮಖಂಡಿ, ಮುಧೋಳ, ರಾಮದುರ್ಗ ಬೇರೆ ಬೇರೆ ಸಂಸ್ಥಾನಗಳು, 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಆ ಊರುಗಳವರು ಸಂಸ್ಥಾನದ ಹೆಸರು ಹಾಕಿ ಹುಡುಕಿ. ಜಿಲ್ಲೆಗಳಿಗೂ ಇಂಗ್ಲಿಷಿನ ಹಳೇ ಬೆಲ್ಗಾಮ್, ಬಿಜಾಪುರ್ ಸ್ಪೆಲ್ಲಿಂಗೇ ಬೇಕು. ಬೆಳಗಾವಿ, ವಿಜಯಪುರ ಅಂತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ.

ಜನರ ಹೆಸರು ಇನ್ನೂ ಕಷ್ಟ. ನಮ್ಮ ಕಡೆಯ ಭೀಮಪ್ಪ, ಬಸಪ್ಪ, ಯಲ್ಲಪ್ಪಗಳನ್ನು ಬರೆದುಕೊಂಡವರು ಕನ್ನಡ ಬಲ್ಲವರೇ ಆಗಿರಬೇಕೆಂದಿಲ್ಲ. ಒಂದು ಪಿ ಬಿಟ್ಟುಹೋಗಿರುತ್ತದೆ, “ಅಪ್ಪ” ಪೂರ್ತಿ ಹೋಗಿ ಬರೇ ಭೀಮಾ ಆಗಿರುತ್ತದೆ, ಅಡ್ಡಹೆಸರು ಮುಂದೆ ಬಂದು ಕೂತಿರುತ್ತದೆ. ಹಾಗಾಗಿ ಹೆಸರಿನ ಮೊದಲ ಮೂರು ಅಕ್ಷರ ಮಾತ್ರ ಕೊಟ್ಟೆ. ರೆಜಿಮೆಂಟು, ವರ್ಷ, ಇಟಲಿ ಅನ್ನುವ ಮೂರು ಸೋಸುವಿಕೆ ಹಾಕಿದೆ. ಬಂದ ಪಟ್ಟಿಯನ್ನು ಒಂದೊಂದಾಗಿ ಓದಿದೆ.

ಸಿಕ್ಕಿತು. ತಂದೆಯ ಹೆಸರು ಸರಿ. ಹಳ್ಳಿಯ ಹೆಸರು ಸ್ವಲ್ಪ ತಿರುಚಿದೆ, ಆದರೆ ನಮ್ಮದೇ. ಸಂಪಗಾವ ತಾಲೂಕು. ಹುದ್ದೆ ನಾಯಕ್, ಪಲ್ಟನ್ 1/5, ಸಾವು 1945ರ ಏಪ್ರಿಲ್. ಹೆಸರು ಕೆತ್ತಿರುವುದು ಇಟಲಿಯ ಫೋರ್ಲಿಯಲ್ಲಿರುವ ಇಂಡಿಯನ್ ಆರ್ಮಿ ವಾರ್ ಸಿಮೆಟರಿಯ ದಹನ ಸ್ಮಾರಕದಲ್ಲಿ. ಹೂಳದೆ ದಹನ ಮಾಡಿದ ಸಿಪಾಯಿಗಳ ಹೆಸರುಗಳು ಇರುವ ಜಾಗ ಅದು. ಇದೇ 1/5ರ ನಾಮದೇವ ಜಾಧವ ಅವರು 1945ರ ಏಪ್ರಿಲ್ 9ರಂದು ಸೆನಿಯೊ ನದಿ ದಂಡೆಯಲ್ಲಿ ಗುಂಡಿನ ಮಳೆಯ ನಡುವೆ ಗಾಯಾಳುಗಳನ್ನು ಹೊತ್ತು ತಂದು ವಿಕ್ಟೋರಿಯಾ ಕ್ರಾಸ್ ಪಡೆದರು. ನಮ್ಮ ಮುತ್ಯಾನ ಅಣ್ಣ ಅದೇ ತಿಂಗಳಲ್ಲಿ, ಅದೇ ಪಲ್ಟನ್ನಿನಲ್ಲಿ ಇದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಬೇರೆ ದೇಶದ ದಿಕ್ಕಿಗೆ ಕೈ ಮುಗಿದಿದ್ದೇವೆ.

ಆಯಿಯ ಮುಂದೆ

ದಾಖಲೆಯಲ್ಲಿ ನಾಯಕ್ ಅಂತಿದೆ, ಫೋಟೊದಲ್ಲಿ ಎರಡು ಪಟ್ಟಿ ಇರುವವರು ಒಬ್ಬರೇ. “ಹಂಗಾದ್ರ ಅಂವನs” ಅಂತ ಕಾಕಾ ತಕ್ಷಣ ತೀರ್ಮಾನ ಕೊಟ್ಟರು. ನಾನು ಒಪ್ಪಲಿಲ್ಲ. ದಾಖಲೆಯಲ್ಲಿರುವುದು ಸಾಯುವಾಗ ಇದ್ದ ಹುದ್ದೆ. ಫೋಟೊ ತೆಗೆದದ್ದು ಅದಕ್ಕೂ ಮೊದಲು. ನಡುವೆ ಬಡ್ತಿ ಸಿಕ್ಕಿರಬಹುದು.

ಅವರನ್ನು ಕಣ್ಣಾರೆ ಕಂಡವರು ಈಗ ಒಬ್ಬರೇ ಉಳಿದಿದ್ದಾರೆ. ಮುತ್ಯಾನ ತಂಗಿ, ನಮಗೆಲ್ಲ ಆಯಿ. ವಯಸ್ಸು ತೊಂಬತ್ತು ದಾಟಿದೆ. ಫೋಟೊ ತೋರಿಸುವ ಮೊದಲೇ ಕೇಳಿದೆ, “ಆಯಿ, ನಿಮ್ಮಣ್ಣನ ಮೈಮ್ಯಾಲ ಏನರೆ ಗುರುತು ಇತ್ತೇನು?” ತಡ ಮಾಡದೆ ಹೇಳಿದರು, “ಬಲಗೈ ಕಿರಿಬಟ್ಟು ಸೊಟ್ಟ ಇತ್ತು. ಸಣ್ಣಾಂವ ಇದ್ದಾಗ ಗಾಣದಾಗ ಸಿಕ್ಕಿತ್ತು.” ನಮ್ಮ ಮನೆಯಲ್ಲಿ ಕಬ್ಬಿನ ಗಾಣ ಇದ್ದದ್ದು ಎಲ್ಲರಿಗೂ ಗೊತ್ತು. ಬೆರಳಿನ ಕಥೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಏಳೂ ಮುಖಗಳನ್ನು ಬೇರೆಬೇರೆ ದೊಡ್ಡ ಪ್ರಿಂಟ್ ತೆಗೆಸಿ, ಸಾಲು ತಪ್ಪಿಸಿ, ಕೈಗಳು ಕಾಣದ ಹಾಗೆ ಕತ್ತರಿಸಿ ಮುಂದಿಟ್ಟೆ. “ಇಂವನಾ?” ಅಂತ ಬೆರಳು ಮಾಡಿ ಕೇಳಬಾರದು. ಹಿರಿಯರು ನಮ್ಮ ಮನಸ್ಸು ನೋಯಬಾರದು ಅಂತ ಹೌದು ಅಂದುಬಿಡುತ್ತಾರೆ. ಆಯಿ ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು ನೋಡಿದರು. ಮುಂದೆ ಎಡಕ್ಕೆ ಕೂತವರ ಮುಖವನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಅವರ ತೋಳಿನ ಮೇಲೆ ಪಟ್ಟಿ ಒಂದೇ. ಲ್ಯಾನ್ಸ್ ನಾಯಕ್. ಕೈ ಎರಡೂ ಮೊಣಕಾಲ ಮೇಲಿವೆ. ಪೂರ್ತಿ ಸ್ಕ್ಯಾನ್ ತೆರೆದು ಬಲಗೈ ಹಿಗ್ಗಿಸಿದಾಗ ಕಿರುಬೆರಳು ಹೊರಕ್ಕೆ ಬಾಗಿತ್ತು. ಎಡಗೈ ಬೆರಳುಗಳು ನೆಟ್ಟಗಿವೆ. ಪ್ರಿಂಟ್ ಉಲ್ಟಾ ಅಲ್ಲ ಅಂತ ಮೊದಲೇ ಖಾತ್ರಿ ಮಾಡಿಕೊಂಡದ್ದಕ್ಕೇ ಇದನ್ನು ನಂಬಬಹುದು. ತೊಡೆಯ ಜೇಬು ನೋಡದೆ ಬಿಟ್ಟಿದ್ದರೆ ಬಲಗೈ ಎಡಗೈ ಅನ್ನುವ ವಾದ ಮುಗಿಯುತ್ತಲೇ ಇರಲಿಲ್ಲ.

ಈಗ

ಅಸಲು ಫೋಟೊ ಗೋಡೆಗೆ ಹೋಗುವುದಿಲ್ಲ. ಗಾಜಿಗೆ ಅಂಟಿದ ಮೂಲೆ ಹಾಗೆಯೇ ಇದೆ. ಗಾಜಿನ ಸಮೇತ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಗಟ್ಟಿ ರಟ್ಟುಗಳ ನಡುವೆ ಒಣ ಕಪಾಟಿನಲ್ಲಿ ಮಲಗಿಸಿದ್ದೇನೆ. ಅದನ್ನು ಬಿಡಿಸುವುದು ಕಲಿತವರ ಕೆಲಸ. ಬಿಡಿ ಫೋಟೊ ಇದ್ದವರು ಪಾಲಿಯೆಸ್ಟರ್ ಲಕೋಟೆ ಬಳಸಿ, ಪಿವಿಸಿ ಬೇಡ, ಅದು ಕಾಲ ಹೋದಂತೆ ಫೋಟೊಕ್ಕೆ ಅಂಟುತ್ತದೆ. ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಒಮ್ಮೆ ಮಾಡಿಸಿದರೆ ಹಿಂಬದಿಯೂ ಹೋಯಿತು, ಬಿಡಿಸುವ ದಾರಿಯೂ ಹೋಯಿತು. ಪಡಸಾಲೆಯಲ್ಲಿ ತೂಗುವುದು ದೊಡ್ಡ ಪ್ರಿಂಟ್. ಗಾಜಿಗೂ ಅದಕ್ಕೂ ನಡುವೆ ಸುತ್ತಲೂ ರಟ್ಟಿನ ಅಂಚು ಕೊಡಿಸಿದ್ದೇನೆ. ಹಿಂದೆ ಚೀಟಿಯಲ್ಲಿ ಯಾವುದು ದಾಖಲೆಯಿಂದ ಬಂದದ್ದು, ಯಾವುದು ಆಯಿ ಹೇಳಿದ್ದು, ಯಾವುದು ನನ್ನ ಅಂದಾಜು ಅಂತ ಮೂರು ಕಡೆ ಬೇರೆಬೇರೆ ಬರೆದಿದ್ದೇನೆ.

ಬೆಳಗಾವಿಯ ಮರಾಠಾ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಿದ್ದೇನೆ. ಹೆಸರಿನ ಎಲ್ಲಾ ಸ್ಪೆಲ್ಲಿಂಗು, ತಂದೆಯ ಹೆಸರು, ಹಳೇ ತಾಲೂಕು, ಕಮಿಷನ್ನಿನ ಪಟ್ಟಿಯಲ್ಲಿದ್ದ ಸರ್ವಿಸ್ ನಂಬರು ಎಲ್ಲವನ್ನೂ ಕೊಟ್ಟಿದ್ದೇನೆ. ಸರ್ವಿಸ್ ನಂಬರು ಇದ್ದರೆ ಕಡತ ಹುಡುಕುವವರಿಗೆ ಕೆಲಸ ಹಗುರ.

ಉಳಿದ ಆರು ಜನರ ಹೆಸರು ಬೇಕು. ಇಂಥ ಫೋಟೊ ತೆಗೆಸಿದಾಗ ಎಲ್ಲರೂ ಒಂದೊಂದು ಪ್ರತಿ ಕೊಂಡು ಮನೆಗೆ ಕಳಿಸಿರುತ್ತಾರೆ. ಬೆಳಗಾವಿ, ಕೊಲ್ಹಾಪುರ, ಸಾತಾರಾ, ರತ್ನಾಗಿರಿ ಕಡೆಯ ಯಾವುದೋ ಮನೆಯಲ್ಲಿ ಇದೇ ಫೋಟೊ ಇರಬಹುದು. ಗುರುತು ಇವು: ಉರುಟು ಕಲ್ಲಿನ ಗೋಡೆ, ನಾಲ್ವರು ನಿಂತವರು, ಮೂವರು ಕೂತವರು, ಕೂತವರ ಮುಂದೆ ಬ್ರೆನ್, ನಡುವೆ ನಿಂತ ನಾಯಕರ ಕೈಯಲ್ಲಿ ಟಾಮಿ ಗನ್, ಬಲತುದಿಯಲ್ಲಿ ನಿಂತವರ ತಲೆಗೆ ಹೆಣೆದ ಉಣ್ಣೆ ಟೋಪಿ. ನಿಮ್ಮ ಮನೆಯಲ್ಲಿದ್ದರೆ ರಟ್ಟು ತೆಗೆದು ಹಿಂಬದಿ ನೋಡಿ. ನಮ್ಮ ಪ್ರತಿಯಲ್ಲಿ ಅಳಿಸಿಹೋದ ಪೆನ್ಸಿಲ್ ಬರಹ ನಿಮ್ಮ ಪ್ರತಿಯಲ್ಲಿ ಉಳಿದಿರಬಹುದು.